ಹಬ್ಸಿ ಮುನಿಲಕ್ಷ್ಮಿ

ಮುನಿಲಕ್ಷ್ಮಿ ಹುಟ್ಟಿದ ವರ್ಷವೇ ಅವಳ ತಾತ ವೆಂಕಟಸ್ವಾಮಿ ಸಂತೆಯಿಂದ ಒಂದು ಎಮ್ಮೆ ಹೊಡೆದುಕೊಂಡು ಬಂದಿದ್ದ. ಎಮ್ಮೆ ಅಂದಮೇಲೆ ಕಪ್ಪಗಿರುವುದು ದೊಡ್ಡ ಸಂಗತಿಯಲ್ಲ. ಆದರೆ ಇದು ಮೈಗೆಲ್ಲ ಎಣ್ಣೆ ಬಳಿದ ಹಾಗೆ ಮಿರಮಿರ ಮಿಂಚುತ್ತಿತ್ತಂತೆ. ಮಾರಿದ ಸಾಬರು ಅದರ ಬೆನ್ನು ತಟ್ಟಿ, "ಹಬ್ಶಿ ಹೈ, ಹಬ್ಶಿ" ಎಂದು ಹೊಗಳಿ ಹಗ್ಗ ಕೈಗಿಟ್ಟಿದ್ದರು. ತಾತನಿಗೆ ಮಾತಿನ ಅರ್ಥ ತಿಳಿಯಲಿಲ್ಲ, ಕಿವಿಗೆ ಮಾತ್ರ ಹಿತವಾಗಿತ್ತು. ತಮಿಳು ಗಡಿಯೊಳಗಿನ ಜವಳಗಿರಿ ಕಾಡಿನ ಅಂಚಿನಲ್ಲಿದ್ದ ತಮ್ಮ ಊರು ಸೇರುವಷ್ಟರಲ್ಲಿ ಎಮ್ಮೆಗೆ ಹಬ್ಸಿ ಎಂದು ನಾಮಕರಣ ಆಗಿಹೋಗಿತ್ತು.

ಅದಾದ ಕೆಲವು ದಿನಕ್ಕೆ ಮಗು ಹುಟ್ಟಿತು. ನೋಡಲು ಬಂದ ಸೋದರತ್ತೆ ಮಂಗಮ್ಮ ತೊಟ್ಟಿಲ ಬಟ್ಟೆ ಸರಿಸಿ, "ಅಯ್ಯೋ ಶಿವನೇ, ಕೊಟ್ಗೇಲೊಂದು ಹಬ್ಸಿ, ತೊಟ್ಲಾಗೊಂದು ಹಬ್ಸಿ" ಎಂದಳು. ಮನೆಯೆಲ್ಲ ನಕ್ಕಿತು. ಹೆತ್ತವಳೂ ನಕ್ಕಳು. ಎಮ್ಮೆ ನಾಲ್ಕಾರು ಕರು ಹಾಕಿ ಒಂದು ದಿನ ಸತ್ತಿತು. ಹೆಸರು ಸಾಯಲಿಲ್ಲ, ಪೂರ್ತಿಯಾಗಿ ಹುಡುಗಿಯ ಪಾಲಿಗೆ ಬಂತು.

ಹಬ್ಸಿ ಎಂದರೇನು ಎಂದು ಊರಿನಲ್ಲಿ ಕೇಳಿದ್ದರೆ ಒಬ್ಬೊಬ್ಬರದು ಒಂದೊಂದು ಉತ್ತರ. ಕರ್ರಗಿರುವವಳು ಎಂದು ಒಬ್ಬರು. ಹಟಮಾರಿ ಎಂದು ಇನ್ನೊಬ್ಬರು. ಯಾವುದೋ ರಾಕ್ಷಸಿಯ ಹೆಸರಿರಬೇಕು ಎಂದು ಬಲ್ಲವರಂತೆ ಹೇಳುವವರೂ ಇದ್ದರು. ಹುಡುಗಿ ಏನು ಮಾಡಿದರೂ ಆ ಮಾತಿನೊಳಗೆ ಜಾಗವಿತ್ತು. ಜೋರಾಗಿ ನಕ್ಕರೆ ಹಬ್ಸಿ ನಗು, ಇನ್ನೊಂದು ಮುದ್ದೆ ಕೇಳಿದರೆ ಹಬ್ಸಿ ಹೊಟ್ಟೆ, ಮೂಟೆ ಹೊತ್ತರೆ ಹಬ್ಸಿ ಬಲ. ಹೊಗಳಿಕೆಗೂ ಅದೇ, ಬೈಗುಳಕ್ಕೂ ಅದೇ. ಅಪ್ಪ ಅಮ್ಮ ಇಷ್ಟಪಟ್ಟು ಇಟ್ಟ ಹೆಸರು ಪಾಪ ರೇಷನ್ ಕಾರ್ಡಿನಲ್ಲಿ ತನ್ನ ಪಾಡಿಗೆ ತಾನು ಕೂತಿತ್ತು.

ಅದು ಒಂದು ದೇಶದ ಜನರ ಹೆಸರು ಎಂದು ಅವಳಿಗೆ ತಿಳಿದದ್ದು ತಮಿಳು ಶಾಲೆಯಲ್ಲಿ. ಗೋಡೆಯ ಮೇಲೆ ಯಾವ ಕಾಲದ್ದೋ ಒಂದು ಭೂಪಟ ನೇತಾಡುತ್ತಿತ್ತು. ಮೇಷ್ಟ್ರು ಆಫ್ರಿಕದ ಮೂಲೆಯೊಂದನ್ನು ಬೆತ್ತದಿಂದ ತೋರಿಸಿ, ಇಲ್ಲಿ ಅಬಿಸೀನಿಯ ಎಂದು ಬರೆದಿದೆ, ಈಗ ಹಾಗನ್ನುವುದಿಲ್ಲ, ಇಥಿಯೋಪಿಯ ಎನ್ನಬೇಕು, ಹಿಂದೆ ನಮ್ಮ ಕಡೆಯ ಸಾಬರು ಅಲ್ಲಿಯವರನ್ನು ಹಬ್ಶಿ ಎನ್ನುತ್ತಿದ್ದರು ಎಂದರು. ಇಡೀ ಕ್ಲಾಸು ತಿರುಗಿ ಅವಳನ್ನು ನೋಡಿತು. ಅವಳಿಗೆ ನಾಚಿಕೆಯೂ ಆಯಿತು, ಒಳಗೊಳಗೇ ಸಮಾಧಾನವೂ ಆಯಿತು. ರಾಕ್ಷಸಿಯಲ್ಲ, ಎಮ್ಮೆಯಲ್ಲ, ಮನುಷ್ಯರು! ಓಡಿಬಂದು ಮಂಗಮ್ಮತ್ತೆಗೆ ಹೇಳಿದರೆ ಅವಳು, "ಹಂಗಾದ್ರೆ ಆ ದೇಸಕ್ಕೇ ಕೊಟ್ಟು ಮದ್ವೆ ಮಾಡಾಣ ಬುಡು" ಎಂದು ಬಿದ್ದುಬಿದ್ದು ನಕ್ಕಳು.

ಆ ದೇಶಕ್ಕೆ ಕೊಡಲಿಲ್ಲ. ತನ್ನ ಮಗ ದೇವರಾಜುವಿಗೇ ತಂದುಕೊಂಡಳು. ಹಾಗಾಗಿ ಕರೆಯುವವಳೂ ಹೆಸರೂ ಎರಡೂ ಒಂದೇ ಸೂರಿನಡಿಗೆ ಬಂದವು.

ಮಂಗಮ್ಮ ಕೆಟ್ಟವಳಾಗಿದ್ದರೆ ಈ ಕತೆ ಬೇಗ ಮುಗಿಯುತ್ತಿತ್ತು. ಅವಳು ಕೆಟ್ಟವಳಲ್ಲ. ಸೊಸೆಯ ಬಾಣಂತನವನ್ನು ಹೆತ್ತತಾಯಿಗಿಂತ ಹೆಚ್ಚಾಗಿ ಮಾಡಿದವಳು. ಮುನಿಲಕ್ಷ್ಮಿ ತಳಿ ಊರಿನ ರಸ್ತೆಯಲ್ಲಿದ್ದ ಗುಲಾಬಿ ತೋಟದ ಕಂಪನಿಗೆ ಕೆಲಸಕ್ಕೆ ಹೋಗುತ್ತೇನೆ ಎಂದಾಗ ಗಂಡನೇ ಮುಖ ತಿರುಗಿಸಿದ್ದ, ಅತ್ತೆ ಮಾತ್ರ "ಹೋಗ್ಲಿ ಬುಡ್ಲಾ, ನನ್ ಹಬ್ಸಿ ಎಲ್ಲಿ ಹೋದ್ರೂ ಗೆದ್ಕಂಡ್ ಬತ್ತಾಳೆ" ಎಂದು ಕಳಿಸಿದ್ದಳು. ಬೈಗುಳವಾಗಿದ್ದರೆ ತಿರುಗಿ ಬೈಯಬಹುದಿತ್ತು. ಇಂಥ ಬಾಯಿಗೆ ಏನೆಂದು ಉತ್ತರ ಕೊಡುವುದು? ಮುನಿಲಕ್ಷ್ಮಿ ಸಹಿಸಿಕೊಂಡಳು. ಸಹಿಸಿ ಸಹಿಸಿ, ಆ ಹೆಸರು ಕೂಗಿದ ಕೂಡಲೇ ತಲೆಗಿಂತ ಮೊದಲು ಕಾಲು ಏಳುವಷ್ಟು ಪಳಗಿಬಿಟ್ಟಳು.

ಮಗಳು ಶರ್ಮಿಳಾ ಹುಟ್ಟಿದಾಗ ಅಜ್ಜಿ ಮರಿಹಬ್ಸಿ ಎಂದಳು. ಈಗ ಶರ್ಮಿಳಾ ಪ್ಲಸ್ ಟೂ, ಅಂದರೆ ಹನ್ನೆರಡನೇ ಕ್ಲಾಸು. ಹೊಸೂರಿನಲ್ಲಿ ನೆಂಟರ ಗೃಹಪ್ರವೇಶಕ್ಕೆ ಹೋದಾಗ ಮಂಗಮ್ಮ ತುಂಬಿದ ಪಂಕ್ತಿಯ ನಡುವೆ ನಿಂತು, "ಏ ಮರಿಹಬ್ಸೀ, ಇಲ್ಲೊಂದ್ ಎಲೆ ಐತೆ ಬಾರೇ" ಎಂದು ಕೂಗಿದ್ದಳು. ಅದೇ ಪಂಕ್ತಿಯಲ್ಲಿ ಶರ್ಮಿಳಾಳ ಕ್ಲಾಸಿನ ಹುಡುಗನೊಬ್ಬ ಕೂತಿದ್ದ. ಮರುದಿನ ಬೋರ್ಡಿನ ಮೇಲೆ ತಮಿಳಕ್ಷರದಲ್ಲಿ ಆ ಹೆಸರು ಬರೆದಿತ್ತು. ಪೊಂಗಲ್ ರಜೆ ಮುಗಿದ ಮೇಲೆ ಹುಡುಗಿ ಶಾಲೆಗೆ ಹೋಗಲಿಲ್ಲ.

"ಪಬ್ಲಿಕ್ ಪರೀಕ್ಷೆ ಹತ್ರ ಬಂತಲ್ಲೇ" ಎಂದು ತಾಯಿ ಗೋಗರೆದಳು.

"ಮನೇಲೇ ಕರೀತಾರೆ. ಹೊರಗಿನವ್ರಿಗೆ ನಾನೇನಂತ ಹೇಳ್ಲಮ್ಮ?" ಎಂದಳು ಶರ್ಮಿಳಾ. "ಮೊದ್ಲು ಇಲ್ಲಿ ನಿಲ್ಸು. ಆಮೇಲೆ ಹೋಗ್ತೀನಿ."

ತನಗೆ ಅಂಟಿದ್ದು ತನ್ನೊಂದಿಗೇ ಹೋಗಲಿ, ಮಗಳ ಓದನ್ನು ತಿನ್ನದಿರಲಿ ಎಂದು ಮುನಿಲಕ್ಷ್ಮಿ ಬೇಡದ ದೇವರಿಲ್ಲ. ಆದರೆ ಅತ್ತೆಯ ಮುಂದೆ ನಿಂತು ಒಂದು ಮಾತು ಹೇಳುವ ಧೈರ್ಯ ಮಾತ್ರ ಬರಲಿಲ್ಲ.

ಅಸ್ನಾಕು ಬಂದದ್ದು ಅದೇ ವಾರ.

ಕಂಪನಿಯವರದು ಇಥಿಯೋಪಿಯದಲ್ಲೂ ಒಂದು ಗುಲಾಬಿ ತೋಟವಿದೆ. ಹೊಸೂರು ಕಡೆಯ ಎಷ್ಟೋ ಜನ ಅಲ್ಲಿಗೆ ಸೂಪರ್‌ವೈಸರ್‌ಗಳಾಗಿ ಹೋಗಿ ಬಂದಿದ್ದಾರೆ. ಅಲ್ಲಿಂದ ಇಲ್ಲಿಗೆ ತರಬೇತಿಗೆಂದು ಬಂದವರಲ್ಲಿ ಇವಳೇ ಮೊದಲು. ಹೂ ವಿಂಗಡಿಸುವ ಹಾಲ್‌ನ ಉಸ್ತುವಾರಿ ಗೋಪಿನಾಥ್ ಅವಳನ್ನು ಕರೆತಂದು ಮುನಿಲಕ್ಷ್ಮಿಯ ಮೇಜಿನ ಪಕ್ಕ ನಿಲ್ಲಿಸಿ, "ನೀವೇ ಎಲ್ಲಾ ತೋರಿಸ್ಕೊಡಿ" ಎಂದ. ಬೆನ್ನ ಹಿಂದೆ ಪಿಸಪಿಸ ಶುರುವಾಗಿಯೇ ಬಿಟ್ಟಿತು. ಒಂದೇ ಊರಿನಿಂದ ಕಂಪನಿ ವ್ಯಾನಿನಲ್ಲಿ ಬರುವ ಸುಗುಣಾ, "ನೋಡೇ, ನಿಂಗೆ ತಂಗಿ ಬಂದವ್ಳೆ" ಎಂದು ಮೊಣಕೈಯಿಂದ ತಿವಿದಳು.

ಆದರೆ ಸುಗುಣಾಳಿಗೆ ಒಂದು ಸಂಗತಿ ಜೀರ್ಣವಾಗಲಿಲ್ಲ. ನಿಜವಾದ ಹಬ್ಸಿ ಎಂದರೆ ಇದ್ದಿಲಿನಂತಿರಬೇಕು ಎಂದು ಕಾದಿದ್ದವರ ಮುಂದೆ ನಿಂತದ್ದು ಗೋಧಿ ಬಣ್ಣದ, ದೊಡ್ಡ ಕಣ್ಣಿನ, ನೀಳ ಕತ್ತಿನ ಹುಡುಗಿ. ಹಾಲ್‌ನಲ್ಲಿದ್ದ ಅರ್ಧಕ್ಕರ್ಧ ಹೆಂಗಸರಿಗಿಂತ ಬೆಳ್ಳಗಿದ್ದಳು. ಸುಗುಣಾಳಿಗಿಂತಲೂ. ಇಷ್ಟು ವರ್ಷ ಊರೆಲ್ಲ ಸೇರಿ ಯಾರ ಹೆಸರನ್ನು ಯಾರಿಗೆ ಕಟ್ಟಿತ್ತು ಎಂದು ಮುನಿಲಕ್ಷ್ಮಿಗೆ ನಗು ಬಂತು. ಹಿಂದೆಯೇ ಸಿಟ್ಟೂ ಬಂತು.

ಇಬ್ಬರ ಮಾತುಕತೆ ಅರ್ಧ ಇಂಗ್ಲಿಷು, ಕಾಲು ಹಿಂದಿ, ಉಳಿದದ್ದು ಕೈಸನ್ನೆ. ಪ್ರೇಮಿಗಳ ದಿನಕ್ಕೆ ವಿದೇಶಕ್ಕೆ ಹೂ ಹೋಗುವ ಕಾಲ, ಹಾಲ್‌ನಲ್ಲಿ ಯಾರಿಗೂ ತಲೆ ಎತ್ತಲು ಪುರುಸೊತ್ತಿರಲಿಲ್ಲ. ಆದರೂ ಮುನಿಲಕ್ಷ್ಮಿಯ ನಾಲಿಗೆ ತುದಿಯಲ್ಲಿ ಒಂದೇ ಪ್ರಶ್ನೆ ಕುಣಿಯುತ್ತಿತ್ತು. ಎರಡು ಸಲ ಬಾಯಿ ತೆರೆದು ಮುಚ್ಚಿದಳು. ಗಿಡ್ಡ ಕಾಂಡದ ಹೂಗಳನ್ನು ಉದ್ದ ಕಾಂಡದ ಕಟ್ಟಿಗೆ ಸೇರಿಸಿ ಬೈಸಿಕೊಂಡಳು. ಕೊನೆಗೆ ಊಟದ ಬಿಡುವಿನಲ್ಲಿ, ಯಾರಿಗೋ ಸಂಬಂಧಿಸಿದ ವಿಷಯವೆಂಬಂತೆ, ಹಬ್ಸಿ ಎಂಬ ಮಾತು ಗೊತ್ತೇ ಎಂದು ಕೇಳಿಯೇಬಿಟ್ಟಳು.

ಅಸ್ನಾಕು ಡಬ್ಬಿಯ ಮುಚ್ಚಳವನ್ನು ಮೆಲ್ಲಗೆ ಕೆಳಗಿಟ್ಟಳು.

"ಗೊತ್ತು" ಎಂದಳು. "ನಮ್ಮ ತೋಟದಲ್ಲಿ ನಿಮ್ಮ ಕಡೆಯ ಗಂಡಸರು ಅನ್ನುತ್ತಿದ್ದರು. ಎದುರಿಗಲ್ಲ, ಬೆನ್ನು ತಿರುಗಿಸಿದ ಮೇಲೆ. ಅವರ ಭಾಷೆ ನನಗೆ ಬರುವುದಿಲ್ಲ. ನಗು ಅರ್ಥವಾಗುತ್ತಿತ್ತು."

ಆಮೇಲೆ ಅವಳೇ ನಿಧಾನವಾಗಿ ಹೇಳಿದಳು. ಮೂಲದಲ್ಲಿ ಅದು ಕೆಟ್ಟ ಮಾತೇನಲ್ಲ. ಅರಬ್ಬರು ಇಥಿಯೋಪಿಯವನ್ನು ಹಬಶ್ ಎನ್ನುತ್ತಿದ್ದರು. ಅದೇ ಇಂಗ್ಲಿಷಿನವರ ಬಾಯಲ್ಲಿ ಅಬಿಸೀನಿಯ ಆಯಿತು, ಹಿಂದೂಸ್ತಾನದಲ್ಲಿ ಹಬ್ಶಿ ಆಯಿತು. ತಮ್ಮ ಬೆಟ್ಟದ ನಾಡಿನ ಜನ ಇವತ್ತಿಗೂ ತಮ್ಮನ್ನು ಹಬೆಶಾ ಎಂದು ಹೆಮ್ಮೆಯಿಂದ ಕರೆದುಕೊಳ್ಳುತ್ತಾರೆ. ಆದರೆ ತನ್ನ ತಾಯಿ ಅದೇ ದೇಶದ ಒರೊಮೊ ಎಂಬ ಬೇರೆ ಜನದವಳು, ಅವಳನ್ನು ಹಬೆಶಾ ಎಂದರೆ ನನಗೆ ನನ್ನದೇ ಹೆಸರಿದೆ ಎಂದು ಜಗಳಕ್ಕೇ ನಿಲ್ಲುತ್ತಾಳೆ. ಅಬಿಸೀನಿಯ ಎಂದು ಈಗ ಯಾರೂ ಅನ್ನುವುದಿಲ್ಲ.

"ಯುರೋಪಿನಲ್ಲಿ ಅದು ಒಂದು ಜಾತಿಯ ಬೆಕ್ಕಿನ ಹೆಸರಾಗಿ ಉಳಿದಿದೆ" ಎಂದಳು.

"ನಮ್ಮೂರಲ್ಲಿ ಎಮ್ಮೆ" ಎಂದಳು ಮುನಿಲಕ್ಷ್ಮಿ, ಬಾಯಿ ತಪ್ಪಿ.

ಅಸ್ನಾಕು ಎಷ್ಟು ಜೋರಾಗಿ ನಕ್ಕಳೆಂದರೆ ಗೋಪಿನಾಥ್ ಬಾಗಿಲಿನಿಂದ ಇಣುಕಿದ. ಮುನಿಲಕ್ಷ್ಮಿಯೂ ನಕ್ಕಳು. ಆದರೆ ಎಮ್ಮೆಯ ನಂತರ ಆ ಹೆಸರು ಯಾರಿಗೆ ಬಂತು ಎಂಬುದನ್ನು ಮಾತ್ರ ಹೇಳಲಿಲ್ಲ.

ಆ ನಗುವಿನ ಸಲಿಗೆಯಲ್ಲೇ ಅಸ್ನಾಕು ಕೇಳಿದಳು. "ಗೆಸ್ಟ್ ರೂಮಿನಲ್ಲಿ ಒಬ್ಬಳೇ ಊಟ ಮಾಡಿ ಮಾಡಿ ಸಾಕಾಗಿದೆ. ಭಾನುವಾರ ನಿಮ್ಮ ಮನೆಗೆ ಬರಲೇ?"

ಬೇಡ ಎನ್ನುವ ಬಾಯಿ ಮುನಿಲಕ್ಷ್ಮಿಯದಲ್ಲ. ಬಾ ಎಂದಳು.

ಆ ವಾರ ಅವಳು ನಿಂತಲ್ಲಿ ನಿಲ್ಲಲಿಲ್ಲ, ಕೂತಲ್ಲಿ ಕೂರಲಿಲ್ಲ. ವ್ಯಾನಿನಲ್ಲಿ ಬರುವಾಗ ಸುಗುಣಾ ಏನು ಹೇಳಿದರೂ ಹೂಂ ಎಂದಳು, ಹೂಂ ಎನ್ನಬಾರದ ಕಡೆಯೂ ಎಂದಳು. ಮನೆಗೆ ಬಂದರೆ ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸಿದಳು. ಅತ್ತೆಯ ಮುಂದೆ ಹೋಗಿ ನಿಂತು, ಬೆಂಕಿಪೊಟ್ಟಣ ಎಲ್ಲಿ ಎಂದು ಕೇಳಿ ವಾಪಸ್ ಬಂದಳು. ಬಂದವಳ ಮುಂದೆ ಅತ್ತೆ ಆ ಹೆಸರು ಕೂಗಿದರೆ ಅಸ್ನಾಕು ಏನೆಂದುಕೊಳ್ಳುತ್ತಾಳೆ? ಅವಳಿಗೆ ಬೇಸರವಾದರೆ ಎದ್ದು ಹೋಗಿಯಾಳು. ಶರ್ಮಿಳಾ ಎಲ್ಲಿಗೆ ಹೋಗಬೇಕು? ಹೊರಗಿನವಳೊಬ್ಬಳ ಎದುರಿಗೂ ಒಮ್ಮೆ ಅನ್ನಿಸಿಕೊಂಡರೆ ಹುಡುಗಿ ಶಾಲೆಯ ಮಾತು ಮತ್ತೆ ಎತ್ತುವುದಿಲ್ಲ ಎಂದು ತಾಯಿಗೆ ಖಂಡಿತವಾಗಿ ಗೊತ್ತಿತ್ತು.

ಶರ್ಮಿಳಾ ತನ್ನ ಪಾಡಿಗೆ ಫೋನಿನಲ್ಲಿ ಏನೇನೋ ಹುಡುಕಿ ಓದುತ್ತಿದ್ದಳು. "ಅಮ್ಮ, ಬಿಜಾಪುರ, ಅಹಮದ್‌ನಗರದ ಕಡೆ ಹಬಶಿ ಸರದಾರ್ರು ಇದ್ರಂತೆ. ಗುಲಾಮ್ರಾಗಿ ಬಂದು ಸೈನ್ಯ ನಡೆಸಿದ್ರಂತೆ, ಕೋಟೆ ಆಳಿದ್ರಂತೆ" ಎಂದಳು. ಆಮೇಲೆ ಫೋನ್ ಕೆಳಗಿಟ್ಟು, "ಅಷ್ಟೆಲ್ಲ ಇದ್ರೂ ನಮ್ಮೂರಿಗೆ ಎಮ್ಮೆನೇ ಸಿಕ್ತಲ್ಲ" ಎಂದು ಗೋಡೆ ಕಡೆ ತಿರುಗಿ ಮಲಗಿದಳು.

ಶುಕ್ರವಾರ ಸಂಜೆ ಮಂಗಮ್ಮ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಾಗ ಮುನಿಲಕ್ಷ್ಮಿ ಪಕ್ಕ ಕೂತು ತಾನೂ ಕೈ ಹಾಕಿದಳು.

"ಅತ್ತೆ, ಒಂದ್ ಮಾತು. ಭಾನ್ವಾರ ಆ ಹುಡ್ಗಿ ಬತ್ತಾಳೆ. ಅವತ್ತೊಂದಿನ ಆ ಹೆಸ್ರು ಹಿಡ್ದು ಕರೀಬ್ಯಾಡ."

"ಯಾವ್ ಹೆಸ್ರು?"

"ಅದೇ. ಹಬ್ಸಿ ಅಂತ."

ಮಂಗಮ್ಮನ ಕೈ ನಿಂತಿತು. "ಓಹೋ. ಹುಟ್ದಾಗಿಂದ ಕರ್ದಿದ್ದೀನಿ, ಇವತ್ತು ಕಹಿಯಾಯ್ತಾ? ಜರ ಬಂದಾಗ ನಿನ್ ಕೂಸ್ನ ಎದೆಗೆ ಹಾಕ್ಕಂಡು ಕೂತಿದ್ದೋಳು ಯಾರೇ? ಆಗ ಈ ಬಾಯಿ ಚೆನ್ನಾಗಿತ್ತು. ಈಗ ಯಾವಳೋ ಬತ್ತಾಳೆ ಅಂತ ಬೀಗ ಹಾಕ್ಕಬೇಕಾ?"

"ಅವ್ಳಿಗಲ್ಲ ಅತ್ತೆ, ಶರ್ಮಿಳಂಗೆ. ಸ್ಕೂಲಿಗೆ ಹೋಗಾಕಿಲ್ಲ ಅಂತ ಕೂತವ್ಳೆ."

"ಹೋಗ್ದಿದ್ರೆ ಮದ್ವೆ ಮಾಡು. ಪ್ರೀತಿಗೆ ಕರ್ದಿದ್ದಕ್ಕೆ ಓದು ಬುಟ್ಟೋರ್ನ ನಾನಂತೂ ಕಂಡಿಲ್ಲಮ್ಮ. ನಾನಿದ್ರೆ ನಿಮ್ಗೆ ಮರ್ಯಾದೆ ಕಡ್ಮೆ ಆಯ್ತದೆ ಅಂದ್ರೆ ಭಾನ್ವಾರ ಅಂಚೆಟ್ಟಿಗೆ ಮಗಳ ಮನೆಗೆ ಹೋಗ್ಬುಡ್ತೀನಿ."

ಹೋಗಲಿ ಎಂದು ಮುನಿಲಕ್ಷ್ಮಿಗೆ ಒಂದು ಕ್ಷಣ ಆಸೆಯಾಯಿತು. ಆ ಆಸೆಗೆ ಅವಳೇ ನಾಚಿಕೊಂಡಳು. ದೇವರಾಜು ಫ್ಯಾಕ್ಟರಿಯ ಶಿಫ್ಟಿಗೆ ಹೊರಡುತ್ತ ಎಲ್ಲವನ್ನೂ ಕೇಳಿಸಿಕೊಂಡು, "ವಯಸ್ಸಾದೋಳು, ಬುಡೇ" ಎಂದು ಬೈಕ್ ಏರಿದ. ಗಂಡಸರಿಗೆ ಶಿಫ್ಟು ಎಂಬುದೊಂದು ಒಳ್ಳೆಯ ಅನುಕೂಲ. ಭಾನುವಾರ ಬೆಳಿಗ್ಗೆ ಕಾಡಂಚಿನ ದಾರಿಯಲ್ಲಿ ಆನೆಗಳಿವೆ ಎಂದು ಸುದ್ದಿ ಬಂದು ಅಂಚೆಟ್ಟಿಯ ಪ್ರಯಾಣವೂ ನಿಂತಿತು.

ಮುನಿಲಕ್ಷ್ಮಿ ಕೋಳಿ ಬಿರಿಯಾನಿ ಮಾಡಿದಳು, ಬಿಳಿ ಅನ್ನ, ಅವರೆಕಾಳಿನ ಸಾರು ಮಾಡಿದಳು. ಮುದ್ದೆ ಮಾಡಿದ್ದು ಅತ್ತೆಗೆ ಮಾತ್ರ, ಅದನ್ನೂ ಮುಚ್ಚಿಟ್ಟಳು. ಬಂದವಳ ಮುಂದೆ ಕರಿ ಮುದ್ದೆ ಇಡಲು ಅವಳಿಗೆ ಮನಸ್ಸಾಗಲಿಲ್ಲ. ಕಪ್ಪೆಂದು ತನ್ನನ್ನು ಆಡಿಕೊಂಡವರ ನಡುವೆ ಬೆಳೆದವಳು ತಾನೇ ಮುದ್ದೆಯನ್ನು ಮರೆಮಾಡಿದಳಲ್ಲ, ಇದಕ್ಕೆ ಏನೆನ್ನೋಣ!

ಕಂಪನಿಯ ಜೀಪು ಅಸ್ನಾಕುವನ್ನು ಇಳಿಸಿ ಹೋಯಿತು. ಅಂಚಿನಲ್ಲಿ ಬಣ್ಣದ ನೇಯ್ಗೆಯಿದ್ದ ಬಿಳಿ ಬಟ್ಟೆ ಹೊದ್ದು, ಕೈಯಲ್ಲಿ ಕಾಫಿಬೀಜದ ಪೊಟ್ಟಣ ಹಿಡಿದು ಬಂದವಳು ಅಂಗಳದಲ್ಲಿ ಒಣಹಾಕಿದ್ದ ರಾಗಿ ಕಂಡು ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟಳು. "ದಗುಸ್ಸಾ!" ಎಂದು ಬೊಗಸೆ ತುಂಬ ಎತ್ತಿ ಮೂಸಿದಳು. ತನ್ನ ಅಜ್ಜಿಯೂ ಇದನ್ನೇ ಬೆಳೆಯುತ್ತಾಳೆ, ಇದರಲ್ಲಿ ರೊಟ್ಟಿ ಮಾಡುತ್ತಾಳೆ ಎಂದಳು. ರಾಗಿ ನಮ್ಮ ನಾಡಿಗೆ ಆ ಕಡೆಯ ಬೆಟ್ಟಗಳಿಂದಲೇ ಬಂದದ್ದು ಎಂದು ಓದಿದವರು ಹೇಳುವುದುಂಟು. ಅದನ್ನು ಮಂಗಮ್ಮನ ಮುಂದೆ ಹೇಳುವ ಗಂಡು ಈ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ.

ಮಂಗಮ್ಮ ಒಳಗಿನಿಂದಲೇ ನೋಡಿ, "ಬಾರಮ್ಮ, ಕುತ್ಕಾ" ಎಂದಷ್ಟೇ ಹೇಳಿ ಅಡುಗೆಮನೆ ಸೇರಿದಳು. ಗಂಡ ರಾಮಚಂದ್ರಪ್ಪ ಸತ್ತ ಮೇಲೆ ಅವಳು ಯಾರ ಜೊತೆಗೂ ಊಟಕ್ಕೆ ಕೂತವಳಲ್ಲ. ಒಲೆಯ ಪಕ್ಕದ ಗೋಡೆಗೆ ಮುಖ ಮಾಡಿ ಒಬ್ಬಳೇ ಉಣ್ಣುವುದು. ಎಂಜಲು ಎಂದರೆ ಅವಳಿಗೆ ಮೈಯೆಲ್ಲ ಮುಳ್ಳು. ಮೊಮ್ಮಗಳು ಕಚ್ಚಿ ಕೊಟ್ಟ ಸೀಬೆಕಾಯಿಯನ್ನೂ ತಿಂದವಳಲ್ಲ.

ದೇವರಾಜುವಿಗೆ ಅವತ್ತೂ ಶಿಫ್ಟು. ನಡುಮನೆಯಲ್ಲಿ ಉಳಿದ ಮೂವರೂ ಕೂತರು. ಬಿರಿಯಾನಿ ಬಡಿಸುವಾಗ ಮುನಿಲಕ್ಷ್ಮಿಯ ಕಿವಿಯೆಲ್ಲ ಅಡುಗೆಮನೆಯ ಕಡೆಗೇ. ಅತ್ತೆ ಸುಮ್ಮನಿದ್ದಾಳೆ, ಸುಮ್ಮನಿರುತ್ತಾಳೆ, ಇನ್ನೊಂದರ್ಧ ಗಂಟೆ ಕಳೆದರೆ ಗೆದ್ದೆ ಎಂದು ಎಣಿಸುತ್ತ ಒಂದು ತುತ್ತು ಬಾಯಿಗಿಟ್ಟಳು.

"ಏ ಹಬ್ಸೀ, ಸಾರ್ ತತ್ತಾ!"

ಮೂರು ತಲೆಗಳು ಒಟ್ಟಿಗೇ ಎದ್ದವು. ಶರ್ಮಿಳಾ ತಟ್ಟೆಯತ್ತ ಕತ್ತು ಬಗ್ಗಿಸಿದಳು. ಅಸ್ನಾಕು ತನ್ನನ್ನು ಕರೆದರೆಂದು ಅಡುಗೆಮನೆಯತ್ತ ನೋಡಿದಳು. ಆದರೆ ಅಷ್ಟರಲ್ಲಿ ಮುನಿಲಕ್ಷ್ಮಿ ಎದ್ದು ನಿಂತಿದ್ದಳು. ಸಾರಿನ ಪಾತ್ರೆ ಅವಳ ಕೈಯಲ್ಲಿತ್ತು. ಅಸ್ನಾಕು ಅವಳ ಮುಖ ನೋಡಿದಳು, ಬಗ್ಗಿದ ಹುಡುಗಿಯ ಕತ್ತು ನೋಡಿದಳು. ಎಮ್ಮೆಯ ಕತೆಯ ಉಳಿದ ಅರ್ಧವನ್ನು ಅವಳಿಗೆ ಯಾರೂ ಹೇಳಬೇಕಾಗಲಿಲ್ಲ. ಮುನಿಲಕ್ಷ್ಮಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಅಸ್ನಾಕು ಸಿಟ್ಟಾಗಲಿಲ್ಲ. ಸಾರಿನ ಪಾತ್ರೆಯನ್ನು ತಾನೇ ತೆಗೆದುಕೊಂಡು ಅಡುಗೆಮನೆಗೆ ನಡೆದಳು. ಅಲ್ಲಿ ಮುದುಕಿ ಗೋಡೆಗೆ ಮುಖ ಮಾಡಿ ಕೂತದ್ದನ್ನು ಕಂಡು, "ಒಬ್ಬರೇ? ಒಬ್ಬರೇ ಊಟ ಮಾಡಬಾರದು ಅಜ್ಜಿ" ಎಂದು ಇಂಗ್ಲಿಷಿನಲ್ಲಿ ಮರುಗಿದಳು. ಅವಳ ನಾಡಿನಲ್ಲಿ ಊಟ ಎಂದರೆ ಒಂದೇ ತಟ್ಟೆಯ ಸುತ್ತ ಎಲ್ಲರೂ ಕೂತು ಉಣ್ಣುವುದು. ಪ್ರೀತಿಯಿದ್ದವರ ಬಾಯಿಗೆ ತುತ್ತು ಮಾಡಿ ಇಡುವುದು. ಅದೇ ಅಭ್ಯಾಸದಲ್ಲಿ ಅವಳು ಮಂಗಮ್ಮನ ಪಕ್ಕ ಕೂತು, ಅವಳ ತಟ್ಟೆಗೇ ಕೈ ಹಾಕಿ ಮುದ್ದೆ ಮುರಿದು, ಅವರೆಕಾಳಿನ ಸಾರಿನಲ್ಲಿ ಅದ್ದಿ, ಮುದುಕಿಯ ಬಾಯಿಯ ಹತ್ತಿರ ಹಿಡಿದಳು.

ಮಂಗಮ್ಮ ಬೆಚ್ಚಿ ಹಿಂದೆ ಸರಿದಳು. ತಟ್ಟೆ ನೋಡಿದಳು, ಆ ಕೈ ನೋಡಿದಳು. "ಅಯ್ಯಯ್ಯೋ, ಎಂಜಲು ಮಾಡ್ಬುಟ್ಲಲ್ಲೋ" ಎಂದು ಮೊಣಕಾಲು ಹಿಡಿದು ಎದ್ದು, ಹಿತ್ತಲ ಬಾಗಿಲಿನತ್ತ ನಡೆದುಬಿಟ್ಟಳು.

ಅಸ್ನಾಕುವಿನ ಕೈ ಚಾಚಿದಂತೆಯೇ ಇತ್ತು. ಏನು ತಪ್ಪಾಯಿತೆಂದು ತಿಳಿಯದೆ ಅವಳ ಮುಖ ಸಣ್ಣದಾಯಿತು. ಆ ಮುಖ ನೋಡಿದಾಗ ಮುನಿಲಕ್ಷ್ಮಿಯ ಒಳಗೆ ಇಷ್ಟು ವರ್ಷ ಮಡಿಸಿಟ್ಟದ್ದು ಒಮ್ಮೆಲೇ ಬಿಚ್ಚಿಕೊಂಡಿತು. ಸಿಟ್ಟು ಬಂತು. ಅತ್ತೆಯ ಮೇಲೆ, ಊರಿನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಕರೆದ ಕೂಡಲೇ ಏಳುವ ತನ್ನ ಕಾಲುಗಳ ಮೇಲೆ. ಅತ್ತೆ ಬಿಟ್ಟು ಹೋದ ಮಣೆಯ ಮೇಲೆ ಹೋಗಿ ಕೂತಳು. ಬಾಗಿ ಆ ತುತ್ತನ್ನು ಅಸ್ನಾಕುವಿನ ಕೈಯಿಂದಲೇ ಬಾಯಿಗೆ ತೆಗೆದುಕೊಂಡಳು.

"ಶರ್ಮಿಳಾ, ಬಾ ಇಲ್ಲಿ" ಎಂದು ಕರೆದಳು. ಮಗಳು ಬಂದು ಕೂತಳು. ಒಂದೇ ತಟ್ಟೆಯ ಕರಿ ಮುದ್ದೆಗೆ ಮೂವರೂ ಕೈ ಹಾಕಿದರು.

ಹಿತ್ತಲ ಬಚ್ಚಲ ಕಲ್ಲಿನ ಬಳಿ ಮಂಗಮ್ಮ ಎಂಜಲುಗೈ ಹಿಡಿದುಕೊಂಡು ನಿಂತಿದ್ದಳು. ಉಂಡ ಕೈಯಲ್ಲಿ ಚೊಂಬು ಮುಟ್ಟುವ ಹಾಗಿಲ್ಲ. ಎಡಗೈಯ ಮಣಿಕಟ್ಟು ವಾತದಿಂದ ಹಿಡಿದುಕೊಂಡಿದ್ದರಿಂದ ಅದರಲ್ಲಿ ಚೊಂಬು ಎತ್ತಲಾಗುವುದಿಲ್ಲ. ಅವಳ ಕೈಗೆ ಯಾರಾದರೂ ನೀರು ಹಾಕಬೇಕು.

"ಏ ಹಬ್ಸೀ, ಕೈಗೆ ನೀರ್ ಹಾಕ್ಬಾ."

ಮುನಿಲಕ್ಷ್ಮಿಯ ಕಾಲು ತಾನಾಗಿ ಎದ್ದಿತು. ಅವಳು ಅದನ್ನು ಒತ್ತಿ ಹಿಡಿದು ಕೂತಳು. ಅಸ್ನಾಕು ತಾನು ಹೋಗಲು ಎದ್ದಳು, ಅವರಲ್ಲೂ ಹಿರಿಯರ ಕೈಗೆ ನೀರು ಹಾಕುವುದು ಕಿರಿಯರ ಕೆಲಸವೇ. ಮುನಿಲಕ್ಷ್ಮಿ ಅವಳ ತೋಳು ಹಿಡಿದು ಕೂರಿಸಿದಳು.

"ಕೇಳಾಕಿಲ್ವಾ? ಏ ಹಬ್ಸೀ! ಮರಿಹಬ್ಸೀ!"

ಯಾರೂ ಏಳಲಿಲ್ಲ. ಬಿಸಿಲಲ್ಲಿ ನಿಂತ ಮುದುಕಿಯ ಕೈ ಒಣಗುತ್ತಿರುತ್ತದೆ, ತನ್ನ ಬಾಣಂತನ ಮಾಡಿದ ಕೈ ಅದು ಎಂದು ಮುನಿಲಕ್ಷ್ಮಿಗೆ ಅನ್ನಿಸಿತು. ಕಣ್ಣಲ್ಲಿ ನೀರು ಬಂತು. ಆದರೂ ಅವಳು ಅಲುಗಲಿಲ್ಲ. ಶರ್ಮಿಳಾ ತಾಯಿಯ ಮುಖವನ್ನೇ ನೋಡುತ್ತಿದ್ದಳು, ಇವಳು ಯಾರೋ ಹೊಸಬಳು ಎಂಬಂತೆ.

ಹಿತ್ತಲ ಕಲ್ಲಿನ ಮೇಲೆ ಹೆಜ್ಜೆ ಆಚೀಚೆ ಸರಿದ ಸದ್ದಾಯಿತು. ಆಮೇಲೆ ಒಂದು ಕೆಮ್ಮು ಕೇಳಿಸಿತು.

"ಶರ್ಮಿಳಾ."

ಮೆಲ್ಲಗೆ ಬಂತು, ಬಾಯಿಗೆ ಪರಿಚಯವಿಲ್ಲದ ಮಾತಿನಂತೆ. "ಶರ್ಮಿಳಾ, ವಸಿ ನೀರ್ ಹಾಕು ಬಾಮ್ಮ."

ಶರ್ಮಿಳಾ ಎದ್ದು ಹೋದಳು. ಚೊಂಬಿನಿಂದ ನೀರು ಬೀಳುವ ಸದ್ದು, "ನಿಧಾನಕ್ಕೆ ಹಾಕೇ, ಸೀರೆ ನೆನೀತದೆ" ಎಂಬ ಗದರಿಕೆ ಕೇಳಿದವು. ಮುನಿಲಕ್ಷ್ಮಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಅಸ್ನಾಕು ಅವಳ ಬೆನ್ನು ಸವರಿದಳು.

ಮಂಗಮ್ಮ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತಳು. ಖಾಲಿಯಾದ ತಟ್ಟೆ ನೋಡಿದಳು, ಬಂದವಳನ್ನು ನೋಡಿದಳು. ಸೊಸೆಯನ್ನು ಕರೆಯಲು ಬಾಯಿ ತೆರೆದಳು, ಹೆಸರು ಸಿಗಲಿಲ್ಲ. ತುಟಿ ಒಂದೆರಡು ಸಲ ಅಲ್ಲಾಡಿತು.

"ಏ... ಇವ್ಳೇ, ಆ ಹುಡ್ಗಿಗೆ ಇನ್ನೊಂದ್ ಮುದ್ದೆ ಹಾಕೇ. ಇಷ್ಟಪಟ್ಟು ತಿಂತಾಳೆ."

ಅಳುತ್ತಿದ್ದ ಮುನಿಲಕ್ಷ್ಮಿಗೆ ನಗು ಉಕ್ಕಿತು. ಇವಳೇ ಎಂದರೆ ಇವಳೇ, ಸದ್ಯಕ್ಕೆ ಅಷ್ಟು ಸಾಕು ಎಂದುಕೊಂಡು ಮುದ್ದೆಯ ಪಾತ್ರೆಗೆ ಕೈ ಚಾಚಿದಳು.

ಹಿತ್ತಲಿನಿಂದ ಚೊಂಬು ಹಿಡಿದು ಬಂದ ಶರ್ಮಿಳಾ ತಾಯಿಯ ಪಕ್ಕ ಬಗ್ಗಿ, "ಅಮ್ಮ, ಯೂನಿಫಾರಂ ಒಗ್ದಿದ್ದೀಯಾ? ನಾಳೆ ಸೋಮವಾರ" ಎಂದಳು.